ಹೊಸ ಎಸ್‌ಎಸ್‌ಡಿಗೆ ಕಾರ್ಯಾಚರಣಾ ವ್ಯವಸ್ಥೆ ಅಳವಡಿಸುವಾಗ ಎದುರಾಗುವ ತೊಂದರೆಗಳು ಹಾಗೂ ಪರಿಹಾರ ಕ್ರಮಗಳು

ಆನ್‌ಲೈನ್ ಅರ್ಜಿದಾರರು ಹಾಗೂ ಸೇವಾ ಕೇಂದ್ರ ನಡೆಸುವವರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರಿ ಸೇವೆಗಳಿಗೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಹಳೆಯ ಗಣಕಯಂತ್ರಗಳನ್ನೇ ಬಳಸುತ್ತಿದ್ದಾರೆ. ಇಂತಹ ಗಣಕಯಂತ್ರದ ಹಾರ್ಡ್ ಡಿಸ್ಕನ್ನು ತೆಗೆದು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿಯನ್ನು ಅಳವಡಿಸಿದಲ್ಲಿ, ಕಡಿಮೆ ಖರ್ಚಿನಲ್ಲಿ ಯಂತ್ರದ ವೇಗ ಗಣನೀಯವಾಗಿ ಹೆಚ್ಚುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುವುದರಿಂದ, ಡಿಸ್ಕ್ ಬದಲಾವಣೆಯ ಜೊತೆಗೆ ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನೂ ಅಳವಡಿಸಿಕೊಳ್ಳಲು ಅನೇಕರು ಮುಂದಾಗುತ್ತಿದ್ದಾರೆ.

ಈ ಕೆಲಸದ ನಡುವೆ ತೊಂದರೆ ಎದುರಾದಾಗ "ಎಸ್‌ಎಸ್‌ಡಿ ಕೆಟ್ಟಿದೆ" ಎಂದು ಭಾವಿಸಿ ಅಂಗಡಿಗೆ ಹಿಂದಿರುಗಿಸುವುದು ಅಥವಾ ಪರದೆಯ ಮೇಲೆ ಕಾಣುವ ಎಲ್ಲ ವಿಭಾಗಗಳನ್ನೂ ಅಳಿಸಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪುಗಳು. ಮೊದಲನೆಯದರಿಂದ ಸಮಯ ನಷ್ಟವಾಗುತ್ತದೆ. ಎರಡನೆಯದರಿಂದ ಹಳೆಯ ಡಿಸ್ಕಿನಲ್ಲಿದ್ದ ಅಂಕಪಟ್ಟಿ, ಪಹಣಿ, ಪ್ರಮಾಣಪತ್ರಗಳ ಪ್ರತಿಗಳು, ಲೆಕ್ಕಪತ್ರಗಳು ಹಾಗೂ ಕುಟುಂಬದ ಛಾಯಾಚಿತ್ರಗಳು ಶಾಶ್ವತವಾಗಿ ನಷ್ಟವಾಗಬಹುದು. ಆದ್ದರಿಂದ ತೊಂದರೆಯು ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ಗುರುತಿಸಿ, ಆ ಹಂತಕ್ಕೆ ಸಂಬಂಧಿಸಿದ ಕ್ರಮವನ್ನು ಮಾತ್ರ ಕೈಗೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಕೆಲಸ ಆರಂಭಿಸುವ ಮುನ್ನ

ಅ) ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕ ಸಮೀಪಿಸಿರುವಾಗ ಡಿಸ್ಕ್ ಬದಲಾವಣೆಯನ್ನು ಕೈಗೊಳ್ಳಬಾರದು. ಈಗಾಗಲೇ ಸಲ್ಲಿಸಿರುವ ಅರ್ಜಿಗಳ ಸ್ವೀಕೃತಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು.

ಆ) ಹಳೆಯ ಡಿಸ್ಕಿನಲ್ಲಿರುವ ಕಡತಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ತೆಗೆದುಕೊಳ್ಳತಕ್ಕದ್ದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಡೌನ್‌ಲೋಡ್ಸ್ ಫೋಲ್ಡರುಗಳನ್ನು ಮಾತ್ರ ನಕಲಿಸಿದರೆ ಸಾಲದು. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶಗಳ ದತ್ತಾಂಶವು ಸಾಮಾನ್ಯವಾಗಿ ಈ ಫೋಲ್ಡರುಗಳ ಹೊರಗೆ ಇರುತ್ತದೆ. ನಕಲಿಸಿದ ನಂತರ ನಾಲ್ಕಾರು ಕಡತಗಳನ್ನು ತೆರೆದು, ಅವು ಸರಿಯಾಗಿ ತೆರೆದುಕೊಳ್ಳುತ್ತವೆಯೇ ಎಂದು ಪರಿಶೀಲಿಸಬೇಕು.

ಇ) ಹಳೆಯ ಡಿಸ್ಕ್ ಬಿಟ್‌ಲಾಕರ್ ಮೂಲಕ ಗೂಢಲಿಪೀಕರಣಗೊಂಡಿದ್ದಲ್ಲಿ, ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಆ ಕೀಲಿ ಇಲ್ಲದಿದ್ದರೆ ಡಿಸ್ಕನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿದಾಗ ಕಡತಗಳು ತೆರೆಯುವುದಿಲ್ಲ. ಬಳಕೆದಾರರಿಗೆ ತಿಳಿಯದೆಯೇ ಈ ವ್ಯವಸ್ಥೆ ಚಾಲನೆಯಲ್ಲಿರುವ ಲ್ಯಾಪ್‌ಟಾಪ್‌ಗಳೂ ಇವೆ. ಅಂತಹವುಗಳ ಕೀಲಿಯು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ.

ಈ) ಗಣಕಯಂತ್ರದ ಅರ್ಹತೆಯನ್ನು ಪರಿಶೀಲಿಸಬೇಕು. ವಿಂಡೋಸ್ 11ಕ್ಕೆ ಯುಇಎಫ್‌ಐ ಫರ್ಮ್‌ವೇರ್, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0, ಕನಿಷ್ಠ 4 ಜಿಬಿ ಮೆಮೊರಿ ಹಾಗೂ 64 ಜಿಬಿ ಸಂಗ್ರಹ ಸ್ಥಳ ಅವಶ್ಯ. ಇವುಗಳಲ್ಲದೆ ಪ್ರೊಸೆಸರ್ ಸಹ ಮೈಕ್ರೋಸಾಫ್ಟ್ ಪ್ರಕಟಿಸಿರುವ ಪಟ್ಟಿಯಲ್ಲಿರಬೇಕು. ಅರ್ಹತೆ ಇಲ್ಲದ ಯಂತ್ರಗಳಲ್ಲಿ ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳನ್ನು ಶುಲ್ಕವಿಲ್ಲದೆ ಅಳವಡಿಸಿಕೊಳ್ಳಬಹುದು. ಆದರೆ ತಾವು ಬಳಸುವ ಡಿಜಿಟಲ್ ಸಹಿ ಅಥವಾ ಬೆರಳಚ್ಚು ಸಾಧನಕ್ಕೆ ಲಿನಕ್ಸ್ ಡ್ರೈವರ್ ಲಭ್ಯವಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಉ) ಕನಿಷ್ಠ 8 ಜಿಬಿ ಸಾಮರ್ಥ್ಯದ ಪೆನ್ ಡ್ರೈವ್ ಹೊಂದಿಸಿಕೊಂಡು, ಮೈಕ್ರೋಸಾಫ್ಟ್‌ನ ಅಧಿಕೃತ ಜಾಲತಾಣದಲ್ಲಿರುವ ಮೀಡಿಯಾ ಕ್ರಿಯೇಶನ್ ಟೂಲ್ ಮೂಲಕ ಅದನ್ನು ಸಿದ್ಧಪಡಿಸಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದ ಕಡತಗಳು ಈ ಕ್ರಿಯೆಯಲ್ಲಿ ಅಳಿಸಿಹೋಗುತ್ತವೆ.

ಊ) ಹಳೆಯ ಹಾರ್ಡ್ ಡಿಸ್ಕನ್ನು ಗಣಕಯಂತ್ರದಿಂದ ಸಂಪೂರ್ಣವಾಗಿ ಬೇರ್ಪಡಿಸಿದ ನಂತರವೇ ಅಳವಡಿಕೆಯನ್ನು ಆರಂಭಿಸತಕ್ಕದ್ದು. ಈ ಪುಟದಲ್ಲಿ ನೀಡಿರುವ ಸೂಚನೆಗಳ ಪೈಕಿ ಇದು ಅತಿ ಮುಖ್ಯವಾದುದು. ಬೇರ್ಪಡಿಸಿದ ಡಿಸ್ಕ್ ತಪ್ಪಿನಿಂದ ಅಳಿಸಿಹೋಗಲು ಸಾಧ್ಯವಿಲ್ಲ.

3. ತೊಂದರೆಯ ಹಂತವನ್ನು ಗುರುತಿಸುವ ವಿಧಾನ

ಅಳವಡಿಕೆಯು ಈ ಕೆಳಕಂಡ ಆರು ಹಂತಗಳಲ್ಲಿ ನಡೆಯುತ್ತದೆ. ಹಿಂದಿನ ಹಂತ ಸರಿಯಾಗದೆ ಮುಂದಿನ ಹಂತದ ಪರಿಹಾರವನ್ನು ಪ್ರಯತ್ನಿಸುವುದರಿಂದ ಪ್ರಯೋಜನವಿಲ್ಲ.

ಮೊದಲನೆಯದು: ಗಣಕಯಂತ್ರದ ಫರ್ಮ್‌ವೇರ್ ಎಸ್‌ಎಸ್‌ಡಿಯನ್ನು ಗುರುತಿಸುವುದು.
ಎರಡನೆಯದು: ಪೆನ್ ಡ್ರೈವಿನಿಂದ ಯಂತ್ರ ಪ್ರಾರಂಭವಾಗುವುದು.
ಮೂರನೆಯದು: ಅಳವಡಿಕೆ ಪರದೆಯ ಪಟ್ಟಿಯಲ್ಲಿ ಎಸ್‌ಎಸ್‌ಡಿ ಕಾಣಿಸುವುದು.
ನಾಲ್ಕನೆಯದು: ಆ ಎಸ್‌ಎಸ್‌ಡಿಯನ್ನು ಅಳವಡಿಕೆಗೆ ಯೋಗ್ಯವೆಂದು ಒಪ್ಪಿಕೊಳ್ಳುವುದು.
ಐದನೆಯದು: ಕಡತಗಳು ಪೂರ್ಣವಾಗಿ ನಕಲಾಗುವುದು.
ಆರನೆಯದು: ಪೆನ್ ಡ್ರೈವ್ ಇಲ್ಲದೆಯೇ ಯಂತ್ರ ಮತ್ತೆ ಪ್ರಾರಂಭವಾಗುವುದು.

4. ಮೊದಲ ಹಂತ: ಫರ್ಮ್‌ವೇರ್‌ನಲ್ಲಿ ಎಸ್‌ಎಸ್‌ಡಿ ಕಾಣಿಸದಿರುವುದು

ಯಂತ್ರವನ್ನು ಚಾಲೂ ಮಾಡಿದ ಕೂಡಲೇ ಎಫ್2, ಎಫ್10 ಅಥವಾ ಡಿಲೀಟ್ ಕೀಲಿಯನ್ನು ಒತ್ತಿ ಫರ್ಮ್‌ವೇರ್ ಪರದೆಗೆ ಹೋಗಬೇಕು. ಇದನ್ನು ರೂಢಿಯಲ್ಲಿ ಬಯಾಸ್ ಎಂದು ಕರೆಯಲಾಗುತ್ತದೆ. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿರುತ್ತದೆ. ಅಲ್ಲಿನ ಸಂಗ್ರಹ ಸಾಧನಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿಯ ಹೆಸರು ಇಲ್ಲದಿದ್ದಲ್ಲಿ ಈ ಅಂಶಗಳನ್ನು ಪರಿಶೀಲಿಸುವುದು.

2.5 ಇಂಚಿನ ಸಾಟಾ ಎಸ್‌ಎಸ್‌ಡಿ ಆಗಿದ್ದಲ್ಲಿ, ಡೆಸ್ಕ್‌ಟಾಪ್ ಯಂತ್ರದಲ್ಲಿ ದತ್ತಾಂಶದ ಕೇಬಲ್ ಹಾಗೂ ವಿದ್ಯುತ್ ಕೇಬಲ್ ಎರಡನ್ನೂ ಜೋಡಿಸಿರಬೇಕು. ಕೇಬಲ್ ಹಳೆಯದಾಗಿದ್ದರೆ ಬೇರೊಂದು ಕೇಬಲ್ ಹಾಗೂ ಬೇರೊಂದು ಪೋರ್ಟ್ ಬಳಸಿ ನೋಡಬೇಕು.

ಎಂ.2 ಮಾದರಿಯ ಎಸ್‌ಎಸ್‌ಡಿ ಆಗಿದ್ದಲ್ಲಿ, ಅದು ಸಾಟಾ ವಿಧದ್ದೋ ಎನ್‌ವಿಎಂಇ ವಿಧದ್ದೋ ಎಂಬುದನ್ನು ಮೊದಲು ತಿಳಿಯಬೇಕು. ಎರಡೂ ನೋಡಲು ಒಂದೇ ತೆರನಾಗಿರುತ್ತವೆ. ಸಾಟಾ ವಿಧದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚುಗಳೂ ಎನ್‌ವಿಎಂಇ ವಿಧದ ಅಂಚಿನಲ್ಲಿ ಒಂದು ಕಚ್ಚೂ ಇರುತ್ತವೆ. ಒಂದು ವಿಧಕ್ಕೆ ಮಾತ್ರ ಸೀಮಿತವಾದ ಸ್ಲಾಟಿನಲ್ಲಿ ಇನ್ನೊಂದು ವಿಧದ ಎಸ್‌ಎಸ್‌ಡಿ ಕೂತರೂ ಕೆಲಸ ಮಾಡುವುದಿಲ್ಲ. ಇದು ಎಸ್‌ಎಸ್‌ಡಿಯ ದೋಷವಲ್ಲ. ಯಂತ್ರದ ಕೈಪಿಡಿಯಲ್ಲಿ ಸ್ಲಾಟಿನ ವಿಧವನ್ನು ನಮೂದಿಸಿರುತ್ತಾರೆ. ಖರೀದಿಗೆ ಮುನ್ನವೇ ಇದನ್ನು ನೋಡಿಕೊಳ್ಳುವುದು ಸೂಕ್ತ.

ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ಸ್ಲಾಟಿನೊಳಗೆ ಪೂರ್ಣವಾಗಿ ತೂರಿಸಿ, ನಂತರ ಕೆಳಕ್ಕೆ ಒತ್ತಿ ತಿರುಪು ಹಾಕಬೇಕು. ಅರ್ಧ ಮಾತ್ರ ಒಳಹೋದ ಎಸ್‌ಎಸ್‌ಡಿ ಪಟ್ಟಿಯಲ್ಲಿ ಕಾಣಿಸದಿರಬಹುದು. ಕೆಲವು ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟನ್ನು ಬಳಸಿದಾಗ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ಸ್ಥಗಿತಗೊಳ್ಳುತ್ತವೆ ಎಂಬುದನ್ನೂ ಗಮನಿಸಬೇಕು.

ಮೇಲಿನ ಎಲ್ಲವೂ ಸರಿಯಿದ್ದು, ಬೇರೊಂದು ಗಣಕಯಂತ್ರದಲ್ಲಿಯೂ ಎಸ್‌ಎಸ್‌ಡಿ ಕಾಣಿಸದಿದ್ದಲ್ಲಿ ಮಾತ್ರ ಅದು ದೋಷಪೂರಿತವೆಂದು ತೀರ್ಮಾನಿಸಬಹುದು.

5. ಎರಡನೇ ಹಂತ: ಪೆನ್ ಡ್ರೈವಿನಿಂದ ಪ್ರಾರಂಭವಾಗದಿರುವುದು

ಯಂತ್ರ ಚಾಲೂ ಆಗುವಾಗ ಬೂಟ್ ಪಟ್ಟಿಯ ಕೀಲಿಯನ್ನು ಒತ್ತಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿ ಯಂತ್ರಗಳಲ್ಲಿ ಎಫ್9 ಈ ಕೀಲಿಯಾಗಿರುತ್ತದೆ. ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವಿನ ಹೆಸರು ಎರಡು ಬಾರಿ ಕಾಣಿಸಬಹುದು. ಅವುಗಳ ಪೈಕಿ "ಯುಇಎಫ್‌ಐ" ಎಂಬ ಪದವಿರುವುದನ್ನೇ ಆಯ್ಕೆ ಮಾಡತಕ್ಕದ್ದು. ಮತ್ತೊಂದನ್ನು ಆಯ್ಕೆ ಮಾಡಿದಲ್ಲಿ ಯಂತ್ರವು ಹಳೆಯ ಬಯಾಸ್ ವಿಧಾನದಲ್ಲಿ ಪ್ರಾರಂಭವಾಗಿ, ನಾಲ್ಕನೇ ಹಂತದಲ್ಲಿ ಅಡಚಣೆ ಉಂಟಾಗುತ್ತದೆ.

ಪೆನ್ ಡ್ರೈವಿಗೆ ಕಡತಗಳನ್ನು ಕೈಯಾರೆ ನಕಲಿಸಿದ್ದಲ್ಲಿಯೂ ತೊಂದರೆ ಬರಬಹುದು. ಫ್ಯಾಟ್32 ವಿನ್ಯಾಸದ ಪೆನ್ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಇರಿಸಲಾಗದು. ವಿಂಡೋಸ್‌ನ ಮುಖ್ಯ ಕಡತವು ಈ ಮಿತಿಯನ್ನು ಮೀರಬಹುದಾದ್ದರಿಂದ ಅಧಿಕೃತ ಸಾಧನವನ್ನೇ ಬಳಸುವುದು ಕ್ಷೇಮ.

6. ಮೂರನೇ ಹಂತ: ಅಳವಡಿಕೆ ಪಟ್ಟಿಯಲ್ಲಿ ಡಿಸ್ಕ್ ಇಲ್ಲದಿರುವುದು

ಫರ್ಮ್‌ವೇರ್‌ನಲ್ಲಿ ಎಸ್‌ಎಸ್‌ಡಿ ಕಾಣಿಸುತ್ತಿದ್ದು, ವಿಂಡೋಸ್ ಅಳವಡಿಕೆ ಪರದೆಯಲ್ಲಿ ಮಾತ್ರ "ಯಾವುದೇ ಡ್ರೈವ್ ಸಿಗಲಿಲ್ಲ" ಎಂಬ ಅರ್ಥದ ಸಂದೇಶ ಬಂದರೆ, ಎಸ್‌ಎಸ್‌ಡಿ ಸುಸ್ಥಿತಿಯಲ್ಲಿದ್ದು ಅದರ ನಿಯಂತ್ರಕಕ್ಕೆ ಬೇಕಾದ ಡ್ರೈವರ್ ಪೆನ್ ಡ್ರೈವಿನಲ್ಲಿ ಇಲ್ಲವೆಂದು ಸಾಮಾನ್ಯವಾಗಿ ತಿಳಿಯಬೇಕು. ಇಂಟೆಲ್‌ನ 11ನೇ ಹಾಗೂ ನಂತರದ ಪೀಳಿಗೆಯ ಪ್ರೊಸೆಸರ್ ಹೊಂದಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲನೆಯಲ್ಲಿರುವುದರಿಂದ ಈ ತೊಂದರೆ ಕಂಡುಬರುತ್ತದೆ. ಪರಿಹಾರ ಎರಡು.

ಮೊದಲ ಪರಿಹಾರ: ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ತಮ್ಮ ಮಾದರಿಯ ಸಂಖ್ಯೆಯನ್ನು ನಮೂದಿಸಿ, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಪಡೆದು, ಅದನ್ನು ಬಿಡಿಸಿ ಪೆನ್ ಡ್ರೈವಿನ ಫೋಲ್ಡರಿನಲ್ಲಿ ಇರಿಸಬೇಕು. ಅಳವಡಿಕೆ ಪರದೆಯಲ್ಲಿ "ಲೋಡ್ ಡ್ರೈವರ್" ಗುಂಡಿಯನ್ನು ಒತ್ತಿ ಆ ಫೋಲ್ಡರನ್ನು ತೋರಿಸಿದಲ್ಲಿ ಎಸ್‌ಎಸ್‌ಡಿ ಪಟ್ಟಿಗೆ ಬರುತ್ತದೆ.

ಎರಡನೇ ಪರಿಹಾರ: ಫರ್ಮ್‌ವೇರ್‌ನಲ್ಲಿ ವಿಎಂಡಿ ಅಥವಾ ರೇಯ್ಡ್ ವಿಧಾನವನ್ನು ಸ್ಥಗಿತಗೊಳಿಸುವುದು, ಸಾಟಾ ಆಗಿದ್ದಲ್ಲಿ ಎಎಚ್‌ಸಿಐ ವಿಧಾನವನ್ನು ಆಯ್ಕೆ ಮಾಡುವುದು. ಆದರೆ ಹಳೆಯ ಡಿಸ್ಕಿನಲ್ಲಿರುವ ವಿಂಡೋಸ್ ಅನ್ನು ಮತ್ತೆ ಬಳಸುವ ಉದ್ದೇಶವಿದ್ದಲ್ಲಿ ಎಚ್ಚರ ವಹಿಸಬೇಕು. ಈ ಬದಲಾವಣೆಯ ನಂತರ ಅದು ಪ್ರಾರಂಭವಾಗದಿರಬಹುದು ಅಥವಾ ಬಿಟ್‌ಲಾಕರ್ ಕೀಲಿಯನ್ನು ಕೇಳಬಹುದು. ಬದಲಾಯಿಸುವ ಮುನ್ನ ಇದ್ದ ಆಯ್ಕೆಯನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು.

7. ನಾಲ್ಕನೇ ಹಂತ: "ಈ ಡಿಸ್ಕಿಗೆ ಅಳವಡಿಸಲಾಗದು" ಎಂಬ ಸಂದೇಶ

ಡಿಸ್ಕಿನಲ್ಲಿ ವಿಭಾಗಗಳ ವಿವರವನ್ನು ಬರೆದಿಡುವ ಪದ್ಧತಿಗಳು ಎರಡು. ಎಂಬಿಆರ್ ಹಳೆಯದು, ಜಿಪಿಟಿ ಹೊಸದು. ಯುಇಎಫ್‌ಐ ವಿಧಾನದಲ್ಲಿ ಪ್ರಾರಂಭವಾದ ವಿಂಡೋಸ್ ಅಳವಡಿಕೆಗೆ ಜಿಪಿಟಿ ಡಿಸ್ಕ್ ಬೇಕು. ಹಳೆಯ ಬಯಾಸ್ ವಿಧಾನದಲ್ಲಿ ಪ್ರಾರಂಭವಾದದ್ದಕ್ಕೆ ಎಂಬಿಆರ್ ಬೇಕು. ಇವೆರಡೂ ಹೊಂದದಿದ್ದಾಗ ಮೇಲ್ಕಂಡ ಸಂದೇಶ ಬರುತ್ತದೆ.

ಸಂದೇಶದಲ್ಲಿ "ಜಿಪಿಟಿ ಶೈಲಿಯ ಡಿಸ್ಕ್ ಆಗಿದೆ" ಎಂದಿದ್ದರೆ ಡಿಸ್ಕನ್ನು ಮುಟ್ಟುವ ಅಗತ್ಯವಿಲ್ಲ. ಯಂತ್ರವನ್ನು ನಿಲ್ಲಿಸಿ, ಎರಡನೇ ಹಂತಕ್ಕೆ ಹಿಂದಿರುಗಿ, ಪೆನ್ ಡ್ರೈವಿನ ಯುಇಎಫ್‌ಐ ಹೆಸರನ್ನು ಆಯ್ಕೆ ಮಾಡಿದರೆ ಸಾಕು.

ಸಂದೇಶದಲ್ಲಿ "ಎಂಬಿಆರ್ ವಿಭಾಗ ಪಟ್ಟಿ ಇದೆ" ಎಂದಿದ್ದರೆ, ಎಸ್‌ಎಸ್‌ಡಿಯನ್ನು ಈ ಹಿಂದೆ ಬೇರೊಂದು ಯಂತ್ರದಲ್ಲಿ ಎಂಬಿಆರ್ ಆಗಿ ಸಿದ್ಧಪಡಿಸಲಾಗಿದೆ ಎಂದರ್ಥ. ಈ ಕೆಳಕಂಡಂತೆ ಕ್ರಮ ವಹಿಸಬೇಕು.

(1) ಅಳವಡಿಕೆ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಮುಂದಿನ ಆದೇಶಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿ, ಪ್ರತಿಯೊಂದರ ನಂತರ ಎಂಟರ್ ಒತ್ತಬೇಕು.
(2) "ಡಿಸ್ಕ್‌ಪಾರ್ಟ್" ಎಂಬ ಆದೇಶ ನೀಡಬೇಕು. ಇದು ನಡುವೆ ಅಂತರವಿಲ್ಲದ ಒಂದೇ ಪದ.
(3) "ಲಿಸ್ಟ್ ಡಿಸ್ಕ್" ಎಂಬ ಆದೇಶದಿಂದ ಡಿಸ್ಕುಗಳ ಸಂಖ್ಯೆ ಹಾಗೂ ಗಾತ್ರ ಕಾಣಿಸುತ್ತದೆ. ಪೆನ್ ಡ್ರೈವ್ ಸಹ ಇದೇ ಪಟ್ಟಿಯಲ್ಲಿರುತ್ತದೆ. ಗಾತ್ರವನ್ನು ನೋಡಿ ಎಸ್‌ಎಸ್‌ಡಿಯ ಸಂಖ್ಯೆಯನ್ನು ಗುರುತಿಸಬೇಕು.
(4) "ಸೆಲೆಕ್ಟ್ ಡಿಸ್ಕ್" ಎಂದು ಬರೆದು, ಅಂತರ ಬಿಟ್ಟು ಆ ಸಂಖ್ಯೆಯನ್ನು ನಮೂದಿಸಬೇಕು.
(5) "ಕ್ಲೀನ್" ಎಂಬ ಆದೇಶ ನೀಡಬೇಕು.
(6) "ಕನ್ವರ್ಟ್ ಜಿಪಿಟಿ" ಎಂಬ ಆದೇಶ ನೀಡಿ, ಕಿಟಕಿಯನ್ನು ಮುಚ್ಚಿ, ಡಿಸ್ಕುಗಳ ಪಟ್ಟಿಯನ್ನು ರಿಫ್ರೆಶ್ ಮಾಡಬೇಕು.

ಎಚ್ಚರಿಕೆ: ಐದನೇ ಆದೇಶವು ದೃಢೀಕರಣವನ್ನು ಕೇಳದೆಯೇ ಜಾರಿಗೆ ಬರುತ್ತದೆ. ತಪ್ಪು ಸಂಖ್ಯೆಯನ್ನು ನಮೂದಿಸಿದ್ದಲ್ಲಿ ಆ ಡಿಸ್ಕಿನ ವಿಭಾಗಗಳೆಲ್ಲವೂ ಕ್ಷಣಮಾತ್ರದಲ್ಲಿ ಇಲ್ಲವಾಗುತ್ತವೆ. ಹಳೆಯ ಡಿಸ್ಕನ್ನು ಬೇರ್ಪಡಿಸಬೇಕೆಂದು ಮೇಲೆ ಒತ್ತಿ ಹೇಳಲು ಇದೇ ಮುಖ್ಯ ಕಾರಣ. ಎಸ್‌ಎಸ್‌ಡಿಯಲ್ಲಿ ಹಿಂದೆ ನಕಲಿಸಿದ ಕಡತಗಳೇನಾದರೂ ಇದ್ದಲ್ಲಿ ಅವೂ ಅಳಿಸಿಹೋಗುತ್ತವೆ.

"ಹೊಸ ವಿಭಾಗವನ್ನು ರಚಿಸಲಾಗಲಿಲ್ಲ" ಎಂಬ ಸಂದೇಶ ಬಂದಲ್ಲಿ, ಹೆಚ್ಚುವರಿ ಪೆನ್ ಡ್ರೈವ್, ಮೆಮೊರಿ ಕಾರ್ಡ್ ಹಾಗೂ ಇತರೆ ಡಿಸ್ಕುಗಳನ್ನು ತೆಗೆದು, ಯಂತ್ರವನ್ನು ಮತ್ತೆ ಪ್ರಾರಂಭಿಸಿ ಪ್ರಯತ್ನಿಸುವುದು.

8. ಐದನೇ ಹಂತ: ನಕಲಿಸುವಾಗ ನಿಂತುಹೋಗುವುದು

0ಎಕ್ಸ್80070570 ಎಂಬ ದೋಷ ಸಂಖ್ಯೆಯು ಬೇಕಾದ ಕಡತ ಹಾಳಾಗಿದೆ ಅಥವಾ ಸಿಗುತ್ತಿಲ್ಲ ಎಂಬುದನ್ನು ಸೂಚಿಸುತ್ತದೆ. ಮೊದಲು ಪೆನ್ ಡ್ರೈವನ್ನು ಹೊಸದಾಗಿ ಸಿದ್ಧಪಡಿಸಬೇಕು. ಸಾಧ್ಯವಾದರೆ ಬೇರೆ ಪೆನ್ ಡ್ರೈವ್ ಹಾಗೂ ಬೇರೆ ಯುಎಸ್‌ಬಿ ಪೋರ್ಟ್ ಬಳಸಬೇಕು. ಆಗಲೂ ಅದೇ ದೋಷ ಮರುಕಳಿಸಿದಲ್ಲಿ ಮೆಮೊರಿ ಬಗ್ಗೆ ಸಂಶಯಪಡಬೇಕು. ಎರಡು ಮೆಮೊರಿ ಪಟ್ಟಿಗಳಿದ್ದಲ್ಲಿ ಒಂದೊಂದನ್ನೇ ಇರಿಸಿ ಪ್ರಯತ್ನಿಸಿದರೆ ದೋಷವಿರುವುದು ತಿಳಿಯುತ್ತದೆ. ವಿದ್ಯುತ್ ವ್ಯತ್ಯಯವಾಗುವ ಪ್ರದೇಶಗಳಲ್ಲಿ ಡೆಸ್ಕ್‌ಟಾಪ್ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿ, ಲ್ಯಾಪ್‌ಟಾಪ್ ಆಗಿದ್ದಲ್ಲಿ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ ಚಾರ್ಜರ್ ಸಹಿತ ಕೆಲಸ ಮುಂದುವರಿಸಬೇಕು.

9. ಆರನೇ ಹಂತ: ಮತ್ತೆ ಪ್ರಾರಂಭವಾಗದಿರುವುದು

ಮರುಪ್ರಾರಂಭದ ನಂತರ ಅಳವಡಿಕೆಯ ಮೊದಲ ಪರದೆಯೇ ಮತ್ತೆ ಬಂದಲ್ಲಿ, ಯಂತ್ರವು ಪೆನ್ ಡ್ರೈವಿನಿಂದಲೇ ಪುನಃ ಪ್ರಾರಂಭವಾಗಿದೆ ಎಂದರ್ಥ. ಯಂತ್ರವನ್ನು ನಿಲ್ಲಿಸಿ, ಪೆನ್ ಡ್ರೈವನ್ನು ತೆಗೆದು, ಫರ್ಮ್‌ವೇರ್‌ನ ಬೂಟ್ ಕ್ರಮದಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಎಂಬುದನ್ನು ಮೊದಲ ಸ್ಥಾನಕ್ಕೆ ತರಬೇಕು.

ಹಳೆಯ ಡಿಸ್ಕನ್ನು ಜೋಡಿಸಿಯೇ ಅಳವಡಿಕೆ ಮಾಡಿದವರಿಗೆ ಮತ್ತೊಂದು ತೊಂದರೆ ಎದುರಾಗಬಹುದು. ಹಳೆಯ ಡಿಸ್ಕಿನಲ್ಲಿ ಬೂಟ್ ವಿಭಾಗ ಮೊದಲೇ ಇದ್ದಲ್ಲಿ ವಿಂಡೋಸ್ ತನ್ನ ಬೂಟ್ ಕಡತಗಳನ್ನು ಅಲ್ಲಿಯೇ ಇರಿಸುವ ಸಂಭವವಿದೆ. ಮುಂದೊಂದು ದಿನ ಹಳೆಯ ಡಿಸ್ಕನ್ನು ತೆಗೆದಾಗ ಹೊಸ ಎಸ್‌ಎಸ್‌ಡಿ ಪ್ರಾರಂಭವಾಗುವುದಿಲ್ಲ. ಹಾಗಾಗಿದ್ದಲ್ಲಿ ಹಳೆಯ ಡಿಸ್ಕನ್ನು ಬೇರ್ಪಡಿಸಿ ಹೊಸದಾಗಿ ಅಳವಡಿಕೆ ಮಾಡುವುದೇ ಸರಳ ಮಾರ್ಗ.

ಪ್ರತಿ ಬಾರಿ ಯಂತ್ರ ಆರಿಸಿದಾಗಲೂ ದಿನಾಂಕ ಹಾಗೂ ಬೂಟ್ ಆಯ್ಕೆಗಳು ಮರೆತುಹೋಗುತ್ತಿದ್ದರೆ, ಮದರ್‌ಬೋರ್ಡ್‌ನ ಬಟನ್ ಬ್ಯಾಟರಿ ಮುಗಿದಿರುವ ಸಾಧ್ಯತೆಯಿದೆ. ದಿನಾಂಕ ತಪ್ಪಾಗಿದ್ದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಅದನ್ನು ಜಾಲತಾಣದ ದೋಷವೆಂದು ಭಾವಿಸಬಾರದು.

10. ಅಳವಡಿಕೆಯ ನಂತರ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳು ಹೊಸ ವ್ಯವಸ್ಥೆಯಲ್ಲಿ ಅರ್ಥವಾಗದ ಚಿಹ್ನೆಗಳಂತೆ ಕಾಣಿಸುತ್ತವೆ. ಕಡತ ಹಾಳಾಗಿಲ್ಲ. ಸಂಬಂಧಿಸಿದ ಫಾಂಟ್‌ಗಳನ್ನು ಅಳವಡಿಸಿದ ಕೂಡಲೇ ಅವು ಸರಿಯಾಗುತ್ತವೆ. ಆನ್‌ಲೈನ್ ಅರ್ಜಿಗಳಲ್ಲಿ ಕನ್ನಡವನ್ನು ಬೆರಳಚ್ಚಿಸಲು ಯುನಿಕೋಡ್ ಕೀಲಿಮಣೆಯನ್ನು ವಿಂಡೋಸ್‌ನ ಭಾಷಾ ಆಯ್ಕೆಗಳಲ್ಲಿ ಸೇರಿಸಿಕೊಳ್ಳಬಹುದು.

ಡಿಜಿಟಲ್ ಸಹಿ ಪ್ರಮಾಣಪತ್ರವು ಯುಎಸ್‌ಬಿ ಟೋಕನ್ನಿನಲ್ಲಿಯೇ ಇರುವುದರಿಂದ ಡಿಸ್ಕ್ ಬದಲಾವಣೆಯಿಂದ ನಷ್ಟವಾಗುವುದಿಲ್ಲ. ಟೋಕನ್ನಿನ ಡ್ರೈವರನ್ನು ಮಾತ್ರ ಮತ್ತೆ ಅಳವಡಿಸಬೇಕು. ಟೋಕನ್ ಕಾಣಿಸುತ್ತಿಲ್ಲವೆಂದು ಅದನ್ನು ಇನಿಶಿಯಲೈಸ್ ಮಾಡಬಾರದು. ಹಾಗೆ ಮಾಡಿದಲ್ಲಿ ಪ್ರಮಾಣಪತ್ರ ಅಳಿಸಿಹೋಗುತ್ತದೆ. ಸೇವಾ ಕೇಂದ್ರಗಳಲ್ಲಿ ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನದ ಆರ್‌ಡಿ ಸೇವೆಯನ್ನೂ ಹೊಸದಾಗಿ ಅಳವಡಿಸಿಕೊಳ್ಳಬೇಕು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: 256 ಜಿಬಿ ಎಸ್‌ಎಸ್‌ಡಿ ಖರೀದಿಸಿದ್ದೇನೆ. ವಿಂಡೋಸ್‌ನಲ್ಲಿ ಸುಮಾರು 238 ಜಿಬಿ ಮಾತ್ರ ತೋರಿಸುತ್ತಿದೆ. ಮೋಸವಾಗಿದೆಯೇ?
ಉತ್ತರ: ಇಲ್ಲ. ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ ಸುಮಾರು 107.37 ಕೋಟಿ ಬೈಟ್‌ಗೆ 1 ಜಿಬಿ ಎನ್ನುತ್ತದೆ. ಇದೇ ಲೆಕ್ಕದಂತೆ 500 ಜಿಬಿಯು ಸುಮಾರು 465 ಆಗಿ ಕಾಣಿಸುತ್ತದೆ.

ಪ್ರಶ್ನೆ: ವಿಂಡೋಸ್ ಪರವಾನಗಿಯನ್ನು ಮತ್ತೆ ಖರೀದಿಸಬೇಕೇ?
ಉತ್ತರ: ಡಿಸ್ಕನ್ನು ಮಾತ್ರ ಬದಲಾಯಿಸಿ ಮದರ್‌ಬೋರ್ಡ್ ಅದೇ ಇದ್ದಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೊದಲಿದ್ದ ಆವೃತ್ತಿಯನ್ನೇ, ಅಂದರೆ ಹೋಮ್ ಇದ್ದಲ್ಲಿ ಹೋಮ್ ಅನ್ನೇ, ಆಯ್ಕೆ ಮಾಡಿದರೆ ಅಂತರ್ಜಾಲ ಸಂಪರ್ಕ ದೊರೆತ ನಂತರ ಅದು ತಾನಾಗಿಯೇ ಸಕ್ರಿಯಗೊಳ್ಳುತ್ತದೆ.

ಪ್ರಶ್ನೆ: ಪರಿಚಿತವಾದ ವಿಂಡೋಸ್ 7 ಅನ್ನೇ ಅಳವಡಿಸಬಹುದೇ?
ಉತ್ತರ: ಸೂಕ್ತವಲ್ಲ. ಅದರ ಬೆಂಬಲ 2020ರ ಜನವರಿ 14ರಂದೇ ಮುಗಿದಿದೆ. ಅದರ ಮೂಲ ಅಳವಡಿಕೆ ಕಡತಗಳಲ್ಲಿ ಎನ್‌ವಿಎಂಇ ಹಾಗೂ ಯುಎಸ್‌ಬಿ 3.0 ಡ್ರೈವರ್‌ಗಳೂ ಇಲ್ಲ.

ಪ್ರಶ್ನೆ: ಎರಡನೇ ಡಿಸ್ಕ್ ಆಗಿ ಜೋಡಿಸಿದ ಹೊಸ ಎಸ್‌ಎಸ್‌ಡಿ "ದಿಸ್ ಪಿಸಿ"ಯಲ್ಲಿ ಕಾಣಿಸುತ್ತಿಲ್ಲ. ಏಕೆ?
ಉತ್ತರ: ಹೊಸ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಯಾವುದೇ ವಿಭಾಗ ಇರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ ಆಯ್ಕೆ ಮಾಡಿ ಹೊಸ ವಿಭಾಗವನ್ನು ರಚಿಸಬೇಕು.

ಪ್ರಶ್ನೆ: ಎಸ್‌ಎಸ್‌ಡಿಯಲ್ಲಿ ತಪ್ಪಿ ಅಳಿಸಿದ ಕಡತಗಳನ್ನು ಮರಳಿ ಪಡೆಯಬಹುದೇ?
ಉತ್ತರ: ಹಾರ್ಡ್ ಡಿಸ್ಕಿನಷ್ಟು ಭರವಸೆ ಇಟ್ಟುಕೊಳ್ಳಲಾಗದು. ಟ್ರಿಮ್ ಎಂಬ ವ್ಯವಸ್ಥೆಯು ಅಳಿಸಿದ ಸ್ಥಳವನ್ನು ಖಾಲಿ ಮಾಡಲು ಎಸ್‌ಎಸ್‌ಡಿಗೆ ತಿಳಿಸುವುದರಿಂದ, ಅಳಿಸಿದ ಕಡತ ಬಹುತೇಕ ಸಿಗುವುದಿಲ್ಲ. ಮುಖ್ಯ ಕಡತಗಳ ಮತ್ತೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದೊಂದೇ ಸುರಕ್ಷಿತ ಉಪಾಯ.

12. ಖರೀದಿ, ದುರಸ್ತಿ ಮತ್ತು ಹಳೆಯ ಡಿಸ್ಕಿನ ವಿಲೇವಾರಿ

ಎಸ್‌ಎಸ್‌ಡಿಯನ್ನು ಜಿಎಸ್‌ಟಿ ರಶೀದಿಯೊಂದಿಗೆ ಖರೀದಿಸಿ, ಸರಣಿ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಖಾತರಿ ಅವಧಿಯೊಳಗೆ ದೋಷಪೂರಿತ ವಸ್ತುವನ್ನು ಬದಲಾಯಿಸಿಕೊಡಲು ನಿರಾಕರಿಸಿದಲ್ಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು.

ದುರಸ್ತಿಗಾರರಿಗೆ ಯಂತ್ರವನ್ನು ಒಪ್ಪಿಸುವಾಗ ಹಳೆಯ ಡಿಸ್ಕನ್ನು ಮರಳಿ ಕೇಳಿ ಪಡೆಯತಕ್ಕದ್ದು. ಹೊಸ ವ್ಯವಸ್ಥೆಯಲ್ಲಿ ಕೆಲವು ವಾರ ಕೆಲಸ ಮಾಡಿ, ಬೇಕಾದ ಎಲ್ಲ ಕಡತಗಳೂ ಇವೆಯೆಂದು ಖಚಿತವಾಗುವವರೆಗೆ ಅದನ್ನು ಅಳಿಸಬಾರದು. ನಂತರ ಅದರಲ್ಲಿನ ದತ್ತಾಂಶವನ್ನು ಪೂರ್ಣವಾಗಿ ಅಳಿಸಿ, ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ನೀಡುವುದು. ಆಧಾರ್ ಹಾಗೂ ಬ್ಯಾಂಕ್ ದಾಖಲೆಗಳ ಪ್ರತಿಗಳಿರುವ ಡಿಸ್ಕನ್ನು ಹಾಗೆಯೇ ಗುಜರಿಗೆ ಹಾಕಬಾರದು.

ವಿ.ಸೂ.: ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಮಾತ್ರ ಒದಗಿಸಲಾಗಿದೆ. ಪರದೆಯ ಮೇಲಿನ ಪದಗಳು ಆವೃತ್ತಿಯಿಂದ ಆವೃತ್ತಿಗೆ ಕೊಂಚ ಬದಲಾಗಬಹುದು. ಖಾತರಿ ಅವಧಿಯಲ್ಲಿರುವ ಲ್ಯಾಪ್‌ಟಾಪ್‌ಗಳನ್ನು ಬಿಚ್ಚುವ ಮುನ್ನ ತಯಾರಕರ ಷರತ್ತುಗಳನ್ನು ಓದಿಕೊಳ್ಳಲು ಕೋರಲಾಗಿದೆ.